ಪಾಸ್‌ಪೋರ್ಟ್ ಜೇಬಲ್ಲೋ, ಪೆಟ್ಟಿಗೆಯಲ್ಲೋ?

ಪ್ರತಿ ವರ್ಷ ಏಪ್ರಿಲ್ ಬಂತಂದ್ರೆ ನಮ್ಮ ಹಾಸ್ಟೆಲಿನಲ್ಲಿ ಈ ಚರ್ಚೆ ತಪ್ಪದೆ ಶುರುವಾಗುತ್ತೆ. ಬೇಸಿಗೆ ಇಂಟರ್ನ್‌ಶಿಪ್ಪಿಗೆ ಹೊರಟವರು, ಎಂಎಸ್ ಸೀಟು ಸಿಕ್ಕವರು, ಎಲ್ಲರಿಗೂ ಮನೆಯಿಂದ ಬರುವ ಬುದ್ಧಿಮಾತು ಒಂದೇ: "ಪಾಸ್‌ಪೋರ್ಟ್ ಕಳ್ಕೊಂಡ್ರೆ ಗತಿ ಏನು? ರೂಮಲ್ಲೇ ಬೀಗ ಹಾಕಿಡು." ಸೀನಿಯರ್‌ಗಳದ್ದು ಇನ್ನೊಂದು: "ಝೆರಾಕ್ಸ್ ಇಟ್ಕೊಂಡ್ರೆ ಸಾಕು, ಯಾವ ಪೊಲೀಸೂ ಕೇಳಲ್ಲ." ಈ ಸಲ ಜಪಾನಿಗೆ ಹತ್ತು ವಾರದ ಇಂಟರ್ನ್‌ಶಿಪ್ಪಿಗೆ ಹೊರಟಿರುವ ನಮ್ಮ ಸಂಘದ ಗೆಳತಿಯೊಬ್ಬಳು ಇದೇ ಪ್ರಶ್ನೆ ಎತ್ತಿದಳು. ಸುಮ್ಮನೆ ತಲೆಯಾಡಿಸುವ ಬದಲು ಕಾನೂನು ಏನು ಹೇಳುತ್ತೆ ಅಂತ ಓದಲು ಕೂತೆವು. ಓದಿದ ಮೇಲೆ ಗೊತ್ತಾದದ್ದು: ಅಮ್ಮನ ಮಾತು ಕೇಳಿದರೆ ಅವಳು ವಿಮಾನ ಇಳಿದ ಮರುದಿನವೇ ತಪ್ಪಿತಸ್ಥೆ. ಸೀನಿಯರ್ ಮಾತು ಕೇಳಿದರೂ ಅಷ್ಟೇ.

ಮೊದಲು ಜಪಾನನ್ನೇ ಸ್ವಲ್ಪ ವಿವರವಾಗಿ ನೋಡೋಣ. ಅಲ್ಲಿನ ವಲಸೆ ನಿಯಂತ್ರಣ ಕಾಯ್ದೆಯ 23ನೇ ಕಲಂ ಪ್ರಕಾರ 16 ವರ್ಷ ತುಂಬಿದ ಪ್ರತಿ ವಿದೇಶಿಯೂ ಪಾಸ್‌ಪೋರ್ಟನ್ನು ಸದಾ ಜೊತೆಯಲ್ಲಿಟ್ಟುಕೊಂಡಿರಬೇಕು. ಮೂರು ತಿಂಗಳಿಗಿಂತ ಹೆಚ್ಚು ಕಾಲ ಇರಲು ಅನುಮತಿ ಪಡೆದವರಿಗೆ 'ಝೈರ್ಯೂ ಕಾಡೊ' ಅನ್ನುವ ನಿವಾಸಿ ಕಾರ್ಡ್ ಕೊಡ್ತಾರೆ. 2012ರ ಜುಲೈಯಿಂದ ಈ ಪದ್ಧತಿ ಇದೆ. ಆ ಕಾರ್ಡ್ ಜೇಬಲ್ಲಿದ್ದರೆ ಪಾಸ್‌ಪೋರ್ಟ್ ಹೊತ್ತು ತಿರುಗಬೇಕಿಲ್ಲ. ಆದರೆ ಕಾರ್ಡನ್ನು ಮಾತ್ರ ಬಿಟ್ಟು ಹೋಗುವಂತಿಲ್ಲ. ಪಾಸ್‌ಪೋರ್ಟ್ ಇಟ್ಟುಕೊಳ್ಳದಿದ್ದರೆ 1 ಲಕ್ಷ ಯೆನ್‌ವರೆಗೆ ದಂಡ, ಕಾರ್ಡ್ ಇಟ್ಟುಕೊಳ್ಳದಿದ್ದರೆ 2 ಲಕ್ಷ ಯೆನ್‌ವರೆಗೆ. ಕೇಳಿದಾಗ ಕಾರ್ಡ್ ತೋರಿಸಲು ನಿರಾಕರಿಸಿದರೆ ಒಂದು ವರ್ಷದವರೆಗೆ ಸೆರೆಯೂ ಆಗಬಹುದು. ನಮ್ಮ ಗೆಳತಿಯ ಹತ್ತು ವಾರ ಅಂದ್ರೆ 70 ದಿನ. ಅವಳಿಗೆ ಕಾರ್ಡ್ ಸಿಗೋದಿಲ್ಲ. ಹಾಗಾಗಿ ಹಾಲು ತರೋಕೆ ಕೆಳಗಿನ ಅಂಗಡಿಗೆ ಹೋದರೂ ಅಸಲಿ ಪಾಸ್‌ಪೋರ್ಟ್ ಅವಳ ಹತ್ತಿರ ಇರಬೇಕು.

ಇಲ್ಲಿ ಗಮನಿಸಬೇಕಾದ ಒಂದು ವಿಚಿತ್ರ ಇದೆ. ಜಪಾನಿನ ಪ್ರಜೆಗಳು ಯಾವ ಗುರುತಿನ ಚೀಟಿಯನ್ನೂ ಜೇಬಲ್ಲಿಟ್ಟುಕೊಳ್ಳಬೇಕು ಅಂತ ಕಾನೂನು ಇಲ್ಲ. ಬೀದಿಯಲ್ಲಿ ಪೊಲೀಸರು ತಡೆದು ಪ್ರಶ್ನೆ ಕೇಳುವುದಕ್ಕೆ ಅಲ್ಲಿ 'ಶೊಕುಮು ಶಿತ್ಸುಮೊನ್' ಅಂತಾರೆ. ಅದಕ್ಕೆ ಆಧಾರ 1948ರ ಪೊಲೀಸ್ ಕರ್ತವ್ಯ ನಿರ್ವಹಣಾ ಕಾಯ್ದೆ. ಅಪರಾಧದ ಬಗ್ಗೆ ಅನುಮಾನಕ್ಕೆ ತಕ್ಕ ಕಾರಣ ಇದ್ದಾಗ ತಡೆದು ಕೇಳಬಹುದು, ಆದರೆ ಉತ್ತರ ಕೊಡಲೇಬೇಕು, ಠಾಣೆಗೆ ಬರಲೇಬೇಕು ಅಂತ ಬಲವಂತ ಮಾಡುವ ಹಾಗಿಲ್ಲ ಅಂತ ಅದೇ ಕಾಯ್ದೆ ಹೇಳುತ್ತೆ. ಅಂದರೆ ಜಪಾನಿ ಪ್ರಜೆ "ನನಗೆ ಇಷ್ಟ ಇಲ್ಲ" ಅಂದು ಮುಂದೆ ನಡೆಯಬಹುದು. ವಿದೇಶಿ ಕೂಡ ಪ್ರಶ್ನೆಗಳಿಗೆ ಹಾಗೆ ಅನ್ನಬಹುದು, ಆದರೆ ಪಾಸ್‌ಪೋರ್ಟ್ ಅಥವಾ ಕಾರ್ಡ್ ತೋರಿಸು ಅಂದಾಗ ತೋರಿಸಲೇಬೇಕು. ಎರಡು ಬೇರೆ ಬೇರೆ ಕಾನೂನು ಒಬ್ಬನೇ ಮನುಷ್ಯನ ಮೇಲೆ ಒಂದೇ ನಿಮಿಷದಲ್ಲಿ ಕೆಲಸ ಮಾಡ್ತಾ ಇರುತ್ತವೆ. ಹಾಗಿದ್ದರೆ ಪೊಲೀಸರಿಗೆ ಎದುರಿಗಿರುವವನು ವಿದೇಶಿ ಅಂತ ಗೊತ್ತಾಗುವುದು ಹೇಗೆ? ಮುಖ ನೋಡಿ. ಅಸಲಿ ತಕರಾರು ಇಲ್ಲೇ ಇರೋದು.

ಈ ತಕರಾರು ಬರೀ ನಮ್ಮ ಊಹೆ ಅಲ್ಲ. 2021ರ ಡಿಸೆಂಬರಿನಲ್ಲಿ ಟೋಕಿಯೋದ ಅಮೆರಿಕನ್ ರಾಯಭಾರ ಕಚೇರಿ, ಬಣ್ಣ ನೋಡಿ ವಿದೇಶಿಯರನ್ನು ತಡೆಯುತ್ತಿರುವ ಶಂಕೆ ಇದೆ ಅಂತ ತನ್ನ ಪ್ರಜೆಗಳಿಗೆ ಬಹಿರಂಗವಾಗಿಯೇ ಎಚ್ಚರಿಕೆ ಕೊಟ್ಟಿತ್ತು. 2024ರ ಜನವರಿಯಲ್ಲಿ ವಿದೇಶಿ ಮೂಲದ ಮೂವರು ನಿವಾಸಿಗಳು ಟೋಕಿಯೋ ಜಿಲ್ಲಾ ನ್ಯಾಯಾಲಯದಲ್ಲಿ ಇದೇ ವಿಷಯಕ್ಕೆ ದಾವೆ ಹೂಡಿದರು. ಅವರಲ್ಲೊಬ್ಬರು ಜಪಾನಿನ ಪೌರತ್ವವನ್ನೇ ಪಡೆದವರು. ಅವರ ಜೇಬಲ್ಲಿ ಯಾವ ಕಾರ್ಡೂ ಇರಬೇಕಾದ್ದಿಲ್ಲ, ಆದರೂ ಪೊಲೀಸರು ಮತ್ತೆ ಮತ್ತೆ ತಡೆದಿದ್ದಾರೆ ಅನ್ನೋದು ಅವರ ದೂರು.

ಹಾಗಂತ ಬೀದಿಯಲ್ಲಿ ನಿಂತು ಕಾನೂನು ವಾದ ಮಾಡಿ ಅಂತ ನಾವು ಹೇಳೋದಿಲ್ಲ. ತೋರಿಸಿ, ಶಾಂತವಾಗಿ ನಿಂತು ಹೆಸರು, ಠಾಣೆ ಕೇಳಿ. ತನ್ನ ಕಚೇರಿಯ ಹೊರಗೆ ಪಾಸ್‌ಪೋರ್ಟ್ ಕೇಳುವ ಅಧಿಕಾರಿ, ಕೇಳಿದರೆ ತನ್ನ ಗುರುತಿನ ಚೀಟಿಯನ್ನೂ ತೋರಿಸಬೇಕು ಅಂತ ಅದೇ 23ನೇ ಕಲಂನಲ್ಲಿದೆ. ಇದು ಬಹಳ ಜನಕ್ಕೆ ಗೊತ್ತಿಲ್ಲ.

ಈಗ ಝೆರಾಕ್ಸ್ ವಾದಕ್ಕೆ ಬರೋಣ. ಫೋನಿನಲ್ಲಿ ಫೋಟೋ ಇದ್ದರೆ ಯಾಕೆ ಸಾಲದು? ನಾವು ಎಂಜಿನಿಯರಿಂಗ್ ಓದುವವರು, ಇದನ್ನು ನಮ್ಮ ಭಾಷೆಯಲ್ಲೇ ನೋಡಬಹುದು. ಪಾಸ್‌ಪೋರ್ಟಿನ ಫೋಟೋ ಪುಟದ ಕೆಳಗೆ 44 ಅಕ್ಷರಗಳ ಎರಡು ಸಾಲು ಇರುತ್ತಲ್ಲ, ಯಂತ್ರ ಓದುವ ಭಾಗ, ಅದರಲ್ಲಿ ಹುಟ್ಟಿದ ದಿನದ ಪಕ್ಕ ಒಂದು ತಪಾಸಣಾ ಅಂಕಿ ಇರುತ್ತೆ. ಲೆಕ್ಕ ಸರಳ: ಅಂಕಿಗಳನ್ನು ಎಡದಿಂದ 7, 3, 1, ಮತ್ತೆ 7, 3, 1ರಿಂದ ಗುಣಿಸಿ, ಕೂಡಿಸಿ, 10ರಿಂದ ಭಾಗಿಸಿದಾಗ ಉಳಿದ ಶೇಷ. 2003ರ ಆಗಸ್ಟ್ 15 ಅಂದ್ರೆ 030815. ಗುಣಿಸಿದರೆ 0, 9, 0, 56, 3, 5. ಮೊತ್ತ 73, ಶೇಷ 3. ನಿಮ್ಮ ಪಾಸ್‌ಪೋರ್ಟ್ ತೆಗೆದು ನೋಡಿ, ಸರಿಹೊಂದುತ್ತೆ. ಆದರೆ ಈ ಅಂಕಿ ಟೈಪಿಂಗ್ ತಪ್ಪನ್ನು, ಸ್ಕ್ಯಾನರ್ ತಪ್ಪನ್ನು ಹಿಡಿಯಲು ಇರುವಂಥದ್ದೇ ಹೊರತು ಕಳ್ಳನನ್ನು ಹಿಡಿಯಲು ಅಲ್ಲ. ಈಗ ನಾವು ಮಾಡಿದ ಲೆಕ್ಕವನ್ನು ಯಾರು ಬೇಕಾದರೂ ಮಾಡಿ, ಫೋಟೋಶಾಪಿನಲ್ಲಿ ಒಂದು ಪುಟ ತಯಾರು ಮಾಡಬಹುದು. ಅಸಲಿ ಪುಸ್ತಕದಲ್ಲಿ ಕಾಗದ, ನೀರುಗುರುತು, ಇ-ಪಾಸ್‌ಪೋರ್ಟ್ ಆದರೆ ಚಿಪ್, ಅದರೊಳಗೆ ಕೊಟ್ಟ ದೇಶದ ಡಿಜಿಟಲ್ ಸಹಿ, ಇವೆಲ್ಲ ಇರುತ್ತವೆ. ಫೋಟೋದಲ್ಲಿ ಇವು ಯಾವುದೂ ಬರಲ್ಲ. ಹಾಗಾಗಿ ಪೊಲೀಸರು ಝೆರಾಕ್ಸನ್ನು ಮಾಹಿತಿ ಅಂತ ತಗೋಬಹುದು, ಪುರಾವೆ ಅಂತ ತಗೋಬೇಕಾಗಿಲ್ಲ.

ಇದೇ ಜಾಗದಲ್ಲಿ ಇನ್ನೊಂದು ಮಾತು. ಚಿಪ್ಪನ್ನು ಓದುವ ಹಳೆಯ ಪದ್ಧತಿಯಲ್ಲಿ ಬೀಗದ ಕೈ ತಯಾರಾಗೋದು ಪಾಸ್‌ಪೋರ್ಟ್ ಸಂಖ್ಯೆ, ಹುಟ್ಟಿದ ದಿನ, ಅವಧಿ ಮುಗಿಯುವ ದಿನ, ಈ ಮೂರರಿಂದ. ಫ್ಲಾಟ್ ಹುಡುಕುವಾಗ, ಟಿಕೆಟ್ ಬುಕ್ ಮಾಡುವಾಗ ಆ ಪುಟದ ಫೋಟೋವನ್ನು ಸಿಕ್ಕ ಸಿಕ್ಕ ವಾಟ್ಸಾಪ್ ಗುಂಪಿಗೆ ಹಾಕುವವರು ಇದನ್ನು ಸ್ವಲ್ಪ ಯೋಚನೆ ಮಾಡಿ.

ಜಪಾನಿನ ನಿಯಮವನ್ನೇ ಎಲ್ಲ ಕಡೆಗೂ ಹಚ್ಚಿದರೆ ಅದೂ ತಪ್ಪಾಗುತ್ತೆ. ಜರ್ಮನಿಗೆ ಹೋಗುವವರು ನಮ್ಮಲ್ಲಿ ಕಡಿಮೆ ಇಲ್ಲ. ಅಲ್ಲಿ ವಿದೇಶಿಯ ಬಳಿ ಊರ್ಜಿತವಾದ ಪಾಸ್‌ಪೋರ್ಟ್ ಇರಬೇಕು, ಅಧಿಕಾರಿಗಳು ಕೇಳಿದಾಗ ಹಾಜರುಪಡಿಸಬೇಕು. ಆದರೆ 'ಇರಬೇಕು' ಬೇರೆ, 'ಜೇಬಲ್ಲಿರಬೇಕು' ಬೇರೆ. ದೇಶದೊಳಗೆ ಓಡಾಡುವಾಗ ಸದಾ ಹೊತ್ತು ತಿರುಗು ಅಂತ ಸಾಮಾನ್ಯ ನಿಯಮ ಇಲ್ಲ. ಪ್ಲಾಸ್ಟಿಕ್ ನಿವಾಸ ಪರವಾನಗಿ ಕಾರ್ಡ್ ಪರ್ಸಿನಲ್ಲಿದ್ದರೆ ದಿನನಿತ್ಯಕ್ಕೆ ಸಾಕು, ಪಾಸ್‌ಪೋರ್ಟ್ ಅಮ್ಮ ಹೇಳಿದ ಹಾಗೆ ಬೀಗದಲ್ಲೇ ಇರಲಿ. ಗುರುತು ಗೊತ್ತಾಗದಿದ್ದರೆ ಪೊಲೀಸರು ಠಾಣೆಗೆ ಕರೆದುಕೊಂಡು ಹೋಗಬಹುದು. ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯಲ್ಲಿ ಅದಕ್ಕೆ 12 ಗಂಟೆಯ ಮಿತಿ ಇದೆ. ಆದರೆ ವಾರಾಂತ್ಯಕ್ಕೆ ಪ್ರಾಗ್ ನೋಡಿ ಬರೋಣ ಅಂತ ರೈಲು ಹತ್ತಿದಿರೋ, ಕಥೆ ಬೇರೆ. ಷೆಂಗೆನ್ ಒಳಗೇ ಆದರೂ ನಮ್ಮಂಥವರು ಗಡಿ ದಾಟಲು ಪಾಸ್‌ಪೋರ್ಟ್, ನಿವಾಸ ಪರವಾನಗಿ ಎರಡೂ ಬೇಕು. "ಷೆಂಗೆನ್‌ನಲ್ಲಿ ಗಡಿನೇ ಇಲ್ಲ" ಅನ್ನೋ ಮಾತನ್ನು ನಂಬಬೇಡಿ. 2024ರ ಸೆಪ್ಟೆಂಬರ್ 16ರಿಂದ ಜರ್ಮನಿ ತನ್ನ ಎಲ್ಲ ಭೂಗಡಿಗಳಲ್ಲೂ ತಪಾಸಣೆ ಶುರು ಮಾಡಿದೆ.

ಪ್ರಾಗ್ ಕಡೆಯ ಆ ರೈಲಿನ ಹೆಸರು ಎತ್ತಿದ್ದಕ್ಕೆ ಕಾರಣ ಇದೆ. 2012ರಲ್ಲಿ ಭಾರತ ಮೂಲದ ಜರ್ಮನ್ ಪ್ರಜೆಯೊಬ್ಬರು ಮಗಳ ಜೊತೆ ಝೆಕ್ ಕಡೆಯಿಂದ ರೈಲಿನಲ್ಲಿ ಬರುತ್ತಿದ್ದಾಗ ಗಡಿ ದಾಟಿದ ಕೂಡಲೇ ಪೊಲೀಸರು ಅವರಿಬ್ಬರ ಗುರುತು ಕೇಳಿದರು. ಆ ಡಬ್ಬಿಯಲ್ಲಿ ಕಪ್ಪು ಮೈಬಣ್ಣದವರು ತಾವಿಬ್ಬರೇ ಅನ್ನೋದು ಅವರ ಆಕ್ಷೇಪ. ಅಲ್ಲಿನ ನ್ಯಾಯಾಲಯಗಳಲ್ಲಿ ಗೆಲ್ಲದ ಪ್ರಕರಣ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋಯಿತು. 2022ರ ಅಕ್ಟೋಬರಿನಲ್ಲಿ ತೀರ್ಪು ಬಂತು: ದೂರಿನ ಬಗ್ಗೆ ಸ್ವತಂತ್ರವಾದ, ಸರಿಯಾದ ತನಿಖೆಯನ್ನೇ ನಡೆಸದೆ ಜರ್ಮನಿ ತಪ್ಪು ಮಾಡಿದೆ ಅಂತ. ಕೇಳಿದ್ದು ಒಂದು ನಿಮಿಷದ ಕೆಲಸ, ಉತ್ತರ ಸಿಕ್ಕಿದ್ದು ಹತ್ತು ವರ್ಷದ ಮೇಲೆ.

ಅಮೆರಿಕದ್ದು ಇನ್ನೂ ಗೋಜಲು. 18 ತುಂಬಿದ ವಿದೇಶಿ ತನ್ನ ನೋಂದಣಿಯ ಪುರಾವೆಯನ್ನು ಸದಾ ಜೊತೆಯಲ್ಲಿಟ್ಟುಕೊಳ್ಳಬೇಕು ಅನ್ನುವ ನಿಯಮ 1952ರ ಕಾಯ್ದೆಯಲ್ಲಿದೆ. ದಶಕಗಳ ಕಾಲ ಅದನ್ನು ಯಾರೂ ಅಷ್ಟಾಗಿ ತಲೆಗೆ ಹಚ್ಚಿಕೊಂಡಿರಲಿಲ್ಲ. ನಮ್ಮ ಸೀನಿಯರ್‌ಗಳ "ಯಾರೂ ಕೇಳಲ್ಲ" ಬಂದದ್ದು ಆ ಕಾಲದಿಂದ. 2025ರ ಏಪ್ರಿಲ್ 11ರಿಂದ ನೋಂದಣಿಯ ಹೊಸ ನಿಯಮ ಜಾರಿಗೆ ಬಂದು ಅಲ್ಲಿನ ಸರ್ಕಾರ ಇದನ್ನು ಬಿಗಿ ಮಾಡಿದೆ. ದಂಡ 5000 ಡಾಲರ್‌ವರೆಗೆ, ಅಥವಾ 30 ದಿನದವರೆಗೆ ಸೆರೆ, ಅಥವಾ ಎರಡೂ. ಸಮಾಧಾನದ ವಿಷಯ ಏನಂದ್ರೆ ವಿದ್ಯಾರ್ಥಿಗೆ ಆ ಪುರಾವೆ ಅಂದ್ರೆ ಪಾಸ್‌ಪೋರ್ಟೇ ಆಗಬೇಕಿಲ್ಲ, ಐ-94 ಅನ್ನುವ ಪ್ರವೇಶ ದಾಖಲೆ ಸಾಕು. ಅದನ್ನು ಸರ್ಕಾರಿ ಜಾಲತಾಣದಿಂದ ಇಳಿಸಿಕೊಂಡು ಪ್ರಿಂಟ್ ತೆಗೆದು ಪರ್ಸಿನಲ್ಲಿಡಿ. ಆದರೆ ಗಡಿಯಿಂದ 100 ಮೈಲಿ ಒಳಗಿನ ಪಟ್ಟಿಯಲ್ಲಿ ಬಾರ್ಡರ್ ಪೆಟ್ರೋಲ್‌ನವರು ಬಸ್ಸು, ರೈಲು ಹತ್ತಿ ಕೇಳುವುದುಂಟು. ಬಫಲೋ, ಸ್ಯಾನ್ ಡಿಯೇಗೊ ಕಡೆ ಓದುವವರು ಊರಿಂದೂರಿಗೆ ಹೋಗುವಾಗ ಅಸಲಿ ಪಾಸ್‌ಪೋರ್ಟನ್ನೇ ಇಟ್ಟುಕೊಳ್ಳುವುದು ವಾಸಿ ಅನ್ನೋದು ನಮ್ಮ ಅಭಿಪ್ರಾಯ.

ಇಂಗ್ಲೆಂಡಿನಲ್ಲಿ ಈ ತಲೆನೋವೇ ಇಲ್ಲ. ಯುದ್ಧಕಾಲದ ಗುರುತಿನ ಚೀಟಿ ಯುದ್ಧ ಮುಗಿದ ಮೇಲೂ ಉಳಿದುಕೊಂಡಿತ್ತು. 1950ರಲ್ಲಿ ಕಾರು ಓಡಿಸುತ್ತಿದ್ದ ಕ್ಲಾರೆನ್ಸ್ ವಿಲ್ಕಾಕ್ ಅನ್ನುವವರು ಅದನ್ನು ತೋರಿಸಲು ಒಪ್ಪಲಿಲ್ಲ. ಮೊಕದ್ದಮೆಯಲ್ಲಿ ಅವರು ಸೋತರು, ಆದರೆ ನ್ಯಾಯಾಧೀಶರೇ ಆ ಪದ್ಧತಿಯನ್ನು ಟೀಕಿಸಿದರು. 1952ರಲ್ಲಿ ಚೀಟಿಯೇ ರದ್ದಾಯಿತು. ಈಗ ಅಲ್ಲಿ ವೀಸಾ ಕೂಡ ಆನ್‌ಲೈನ್ ದಾಖಲೆ.

ಕರಾವಳಿಯ ಗೆಳೆಯರು ಇದನ್ನು ಓದಿ ನಗಬಹುದು. ಕೊಲ್ಲಿ ದೇಶಗಳಲ್ಲಿ ದುಡಿಯುವ ಅವರ ಮಾವ, ಅಣ್ಣಂದಿರ ಪಾಸ್‌ಪೋರ್ಟ್ ಎಷ್ಟೋ ಸಲ ಜೇಬಲ್ಲೂ ಇಲ್ಲ, ಪೆಟ್ಟಿಗೆಯಲ್ಲೂ ಇಲ್ಲ, ಕಂಪನಿಯ ಕಪಾಟಿನಲ್ಲಿರುತ್ತೆ. ಕತಾರ್‌ನಲ್ಲಿ 2015ರ ಕಾನೂನು ಹೀಗೆ ಇಟ್ಟುಕೊಳ್ಳುವುದನ್ನು ನಿಷೇಧಿಸಿದೆ. ನಮ್ಮ 1967ರ ಪಾಸ್‌ಪೋರ್ಟ್ ಕಾಯ್ದೆಯ 17ನೇ ಕಲಂ ಪ್ರಕಾರ ಆ ಪುಸ್ತಕ ಯಾವಾಗಲೂ ಭಾರತ ಸರ್ಕಾರದ ಸ್ವತ್ತು. ನಮ್ಮದೂ ಅಲ್ಲ, ಕಂಪನಿಯದಂತೂ ಅಲ್ಲವೇ ಅಲ್ಲ.

ಇಷ್ಟಾದರೂ ಅಮ್ಮನ ಭಯವನ್ನು ನಾವು ಹಗುರವಾಗಿ ತಗೊಳ್ಳೋದಿಲ್ಲ. ಪಾಸ್‌ಪೋರ್ಟ್ ಕಳೆದರೆ ಅದರಲ್ಲಿ ಅಂಟಿಸಿದ ವೀಸಾ, ಪ್ರವೇಶದ ಮುದ್ರೆ ಎಲ್ಲ ಒಟ್ಟಿಗೆ ಹೋಗುತ್ತೆ. ಪೊಲೀಸರಲ್ಲಿ ದೂರು ಕೊಟ್ಟು ಅದರ ಪತ್ರ ಹಿಡಿದು ಭಾರತೀಯ ರಾಯಭಾರ ಕಚೇರಿಗೆ ಹೋಗಬೇಕು. ಹೊಸ ಪಾಸ್‌ಪೋರ್ಟಿಗೆ ಕಾಯಲು ಸಮಯ ಇಲ್ಲದಿದ್ದರೆ ತುರ್ತು ಪ್ರಮಾಣಪತ್ರ ಕೊಡ್ತಾರೆ, ಅದರಲ್ಲಿ ಊರಿಗೆ ಮರಳಲು ಮಾತ್ರ ಸಾಧ್ಯ. ಇಂಟರ್ನ್‌ಶಿಪ್ ಅರ್ಧಕ್ಕೇ ಮುಗಿದ ಹಾಗೆ.

ಇನ್ನೊಂದು ಅಪಾಯ ನಕಲಿ ಪೊಲೀಸರದ್ದು. ಯುರೋಪಿನ ಪ್ರವಾಸಿ ಊರುಗಳಲ್ಲಿ ಇದು ಹಳೇ ಆಟ. ಸಾದಾ ಬಟ್ಟೆಯ ಇಬ್ಬರು ಬಂದು ಬಿಲ್ಲೆ ಮಿಂಚಿಸಿ "ಪಾಸ್‌ಪೋರ್ಟ್, ಪರ್ಸ್" ಅಂತಾರೆ. ಗುರುತಿನ ತಪಾಸಣೆಗೆ ನಿಮ್ಮ ಪರ್ಸಿನ ನೋಟು ಎಣಿಸುವ ಅಗತ್ಯ ಏನಿದೆ? ಪರ್ಸ್ ಕೇಳಿದರೆ ಠಾಣೆಗೆ ನಡೀರಿ ಅನ್ನಿ, ಅಲ್ಲೇ 112ಕ್ಕೆ ಕರೆ ಮಾಡಿ. ಜಪಾನಿನಲ್ಲಿ ಪೊಲೀಸರ ಸಂಖ್ಯೆ 110. ಅಲ್ಲಿ ಬೀದಿ ತಿರುವುಗಳಲ್ಲಿ 'ಕೋಬಾನ್' ಅನ್ನುವ ಚಿಕ್ಕ ಪೊಲೀಸ್ ಚೌಕಿಗಳಿರುತ್ತವೆ. ಕಳೆದ ವಸ್ತುಗಳನ್ನು ಜನ ಅಲ್ಲಿ ತಂದುಕೊಡುವ ರೂಢಿ ಗಟ್ಟಿಯಾಗಿರುವುದರಿಂದ ಹುಡುಕಾಟವನ್ನು ಅಲ್ಲಿಂದಲೇ ಶುರು ಮಾಡಿ.

ಈ ಲೇಖನಕ್ಕೆ ಕೂತಾಗ ನಮ್ಮ ಕ್ಯಾಂಪಸ್ಸಿನ ಇನ್ನೊಂದು ಕಡೆಯೂ ಕಣ್ಣು ಹೋಯಿತು. 180 ದಿನಕ್ಕಿಂತ ಹೆಚ್ಚಿನ ವೀಸಾದ ಮೇಲೆ ಇಲ್ಲಿಗೆ ಬರುವ ವಿದೇಶಿ ವಿದ್ಯಾರ್ಥಿ 14 ದಿನದೊಳಗೆ ವಿದೇಶಿಯರ ನೋಂದಣಿ ಕಚೇರಿಯಲ್ಲಿ ಹೆಸರು ನೋಂದಾಯಿಸಬೇಕು. ಮೆಸ್ಸಿನಲ್ಲಿ ನಮ್ಮ ಪಕ್ಕದಲ್ಲೇ ಅನ್ನ-ಸಾರು ಉಣ್ಣುವವರು ರಾತ್ರಿ ಟೀ ಕುಡಿಯೋಕೆ ಗೇಟಿನಾಚೆ ಹೋಗುವಾಗ ಯಾವ ಕಾಗದ ಇಟ್ಟುಕೊಳ್ತಾರೆ ಅಂತ ನಾವು ಇಷ್ಟು ವರ್ಷ ಒಮ್ಮೆಯೂ ಕೇಳಿರಲಿಲ್ಲ. ಮೊನ್ನೆ ಕೇಳಿದೆವು. "ಎಲ್ಲಾನೂ" ಅಂದ ಒಬ್ಬ, ಬ್ಯಾಗಿನ ಒಳಜೇಬಿನಿಂದ ಪ್ಲಾಸ್ಟಿಕ್ ಕವರ್ ತೆಗೆದು ತೋರಿಸಿ. ಪಾಸ್‌ಪೋರ್ಟ್, ನೋಂದಣಿ ಪತ್ರ, ಕಾಲೇಜಿನ ಐಡಿ ಮೂರೂ ಅದರಲ್ಲಿದ್ದವು.

ನಮ್ಮ ಗೆಳತಿ ಅದೇ ಕವರ್ ನೋಡಿ ತನಗೂ ಒಂದು ಕೊಂಡಳು. ಅಂಗಿಯ ಒಳಗೆ ಕೊರಳಿಗೆ ಹಾಕಿಕೊಳ್ಳುವಂಥದ್ದು, ನೀರು ಇಳಿಯದ್ದು. ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಬೇಡ, ಬ್ಯಾಗು ರೈಲಿನಲ್ಲಿ ಮರೆಯುವ ವಸ್ತು ಅಂತ ನಾವೇ ಹೇಳಿದ್ದೆವು. ಝೆರಾಕ್ಸ್ ಎರಡು ಪ್ರತಿ ಪೆಟ್ಟಿಗೆಯಲ್ಲಿ, ಒಂದು ಸ್ಕ್ಯಾನ್ ಮೇಲ್‌ನಲ್ಲಿ, ಟೋಕಿಯೋದ ರಾಯಭಾರ ಕಚೇರಿಯ ಫೋನ್ ಸಂಖ್ಯೆ ಫೋನಿನಲ್ಲೂ ಕಾಗದದ ಮೇಲೂ. ಅಮ್ಮನಿಗೆ ಏನು ಹೇಳಿದೆ ಅಂತ ಕೇಳಿದ್ದಕ್ಕೆ, "ಬೀಗ ಹಾಕಿಡ್ತೀನಿ ಅಂದಿದ್ದೀನಿ, ಝಿಪ್ಪೂ ಒಂದು ಬೀಗಾನೇ ಅಲ್ವಾ" ಅಂದಳು.