ಮರಳಿ ಬರುವ ತೂಕಕ್ಕೆ ಹೆದರಬೇಡ

ಚಿ. ಸಿಂಚನಾಳಿಗೆ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ನೀನು ಕಳಿಸಿದ ರಿಪೋರ್ಟು ನೋಡಿದೆ. ಟಿಎಸ್‌ಎಚ್ 0.01ಕ್ಕೆ ಇಳಿದಿದೆ, ಥೈರಾಯ್ಡ್ ಹಾರ್ಮೋನುಗಳಾದ ಟಿ3, ಟಿ4 ಎರಡೂ ಏರಿವೆ, ಆ್ಯಂಟಿಬಾಡಿ ಪಾಸಿಟಿವ್. ಗ್ರೇವ್ಸ್ ಕಾಯಿಲೆ ಎಂದು ನಿಮ್ಮ ಡಾಕ್ಟರು ಹೇಳಿದ್ದು ಸರಿ. ಅದಕ್ಕೆ ಒಳ್ಳೆಯ ಮದ್ದಿದೆ. ನನಗೆ ಚಿಂತೆ ಹತ್ತಿದ್ದು ಕೊನೆಯಲ್ಲಿ ನೀನು ಕೇಳಿದ ಮಾತಿನಿಂದ: ‘ಮಾತ್ರೆ ತಗೊಂಡ್ರೆ ಮತ್ತೆ ದಪ್ಪ ಆಗ್ತೀನಂತೆ, ಮದುವೆ ಮುಗಿಯೋವರೆಗೆ ನಿಲ್ಲಿಸ್ಲಾ?’

ಬೇಡ ಮಗಳೇ. ಯಾಕೆ ಬೇಡ ಅಂತ ಬಿಡಿಸಿ ಹೇಳುತ್ತೇನೆ.

ಥೈರಾಯ್ಡ್ ಎಷ್ಟು ಕೆಲಸ ಮಾಡಬೇಕೆಂದು ಟಿಎಸ್‌ಎಚ್ ಮೂಲಕ ಹೇಳುವುದು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ. ನಿನ್ನ ದೇಹವೇ ತಯಾರಿಸಿದ ಆ್ಯಂಟಿಬಾಡಿಗಳು ಈಗ ಅದರ ಜಾಗದಲ್ಲಿ ಕೂತು ಥೈರಾಯ್ಡನ್ನು ದುಡಿಸುತ್ತಿವೆ. ಹಾರ್ಮೋನು ಸಾಕಷ್ಟಾಯಿತೆಂದು ಪಿಟ್ಯುಟರಿ ಸುಮ್ಮನಾದರೂ ಅವು ಬಿಡುವುದಿಲ್ಲ. ಹಾರ್ಮೋನು ಹೆಚ್ಚಾದಾಗ ಸುಮ್ಮನೆ ಮಲಗಿದ್ದರೂ ದೇಹ ಶಕ್ತಿಯನ್ನು ಸುಡುತ್ತಲೇ ಇರುತ್ತದೆ. 1895ರಷ್ಟು ಹಿಂದೆಯೇ ಜರ್ಮನಿಯ ವೈದ್ಯ ಆಡಾಲ್ಫ್ ಮ್ಯಾಗ್ನಸ್-ಲೆವಿ ಇಂಥ ರೋಗಿಗಳ ಉಸಿರಾಟವನ್ನು ಅಳೆದು, ವಿಶ್ರಾಂತಿಯಲ್ಲೂ ಅವರ ದೇಹ ಹೆಚ್ಚು ಆಮ್ಲಜನಕ ಬಳಸುತ್ತದೆಂದು ತೋರಿಸಿದ್ದರು. ಚಳಿಗಾಲದಲ್ಲೂ ನೀನು ಫ್ಯಾನ್ ಹಾಕಿಕೊಂಡು ಬೆವರುತ್ತಿದ್ದೆಯಲ್ಲ, ಅದು ಈ ಸುಡುವಿಕೆಯ ಶಾಖ. ಮೂರು ಹೊತ್ತು ಹೊಟ್ಟೆ ತುಂಬ ಉಂಡರೂ ಇಳಿದುಹೋದೆ ಅಂತ ನಿಮ್ಮಮ್ಮ ಫೋನಿನಲ್ಲಿ ಗೋಳಾಡುತ್ತಿದ್ದಳು. ಹಸಿವು ಖರ್ಚಿಗಿಂತ ಮುಂದೆ ಓಡಿದರೆ ಇದೇ ಕಾಯಿಲೆಯಲ್ಲಿ ತೂಕ ಏರುವವರೂ ಇದ್ದಾರೆ. ಸಂಖ್ಯೆ ಕಡಿಮೆ, ಆದರೆ ನಿನ್ನ ವಯಸ್ಸಿನವರಲ್ಲಿ ಅದನ್ನು ಕಾಣುತ್ತೇವೆ.

ಈಗ ಮುಖ್ಯ ವಿಷಯ. ನಿನ್ನ ಗೆಳತಿಯರು ‘ಎಷ್ಟು ಸ್ಲಿಮ್ ಆಗಿದ್ದೀಯ’ ಅನ್ನುತ್ತಾರಲ್ಲ, ಹೋದದ್ದು ಬರೀ ಕೊಬ್ಬಲ್ಲ. ಥೈರಾಯ್ಡ್ ಹಾರ್ಮೋನು ಅತಿಯಾದರೆ ಮಾಂಸಖಂಡದ ಪ್ರೋಟೀನೂ ಕರಗುತ್ತದೆ, ಮೂಳೆಯ ಸುಣ್ಣವೂ ಹೋಗುತ್ತದೆ. ಮೊದಲು ಸೋಲುವುದು ತೊಡೆ ಮತ್ತು ಭುಜ. ಚಾಪೆಯ ಮೇಲೆ ಕೂತರೆ ಕೈ ಊರದೆ ಏಳಲಾರದ, ಮೆಟ್ಟಿಲು ಹತ್ತಿ ಕುಸಿದು ಕೂತ ಎಷ್ಟೋ ಹೆಣ್ಣುಮಕ್ಕಳನ್ನು ನಾನು ವಾರ್ಡಿನಲ್ಲಿ ನೋಡಿದ್ದೇನೆ. ಎದೆ ಡವಗುಟ್ಟುವುದನ್ನೂ ಹಗುರವಾಗಿ ತೆಗೆದುಕೊಳ್ಳಬೇಡ. ಚಿಕಿತ್ಸೆಯಿಲ್ಲದೆ ಬಿಟ್ಟರೆ ಹೃದಯದ ಬಡಿತವೇ ತಾಳ ತಪ್ಪಬಹುದು. ತೂಕ ಇಳಿಸಲೆಂದು ಆರೋಗ್ಯವಂತರೇ ಥೈರಾಯ್ಡ್ ಹಾರ್ಮೋನಿನ ಮಾತ್ರೆ ನುಂಗುವ ಕೆಟ್ಟ ಚಾಳಿಯೊಂದಿದೆ. ಅದು ನೆನಪಾದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಹಾರ್ಮೋನು ತಗ್ಗಿಸುವ ನಿನ್ನ ಕಾರ್ಬಿಮಜೋಲ್ ಮಾತ್ರೆ ತೆಗೆದುಕೊಂಡರೆ ತೂಕ ಮರಳುತ್ತದೆ, ನಿಜ. ಅದರಲ್ಲಿ ಒಂದು ಪಾಲು ನೀನು ಕಳೆದುಕೊಂಡ ಮಾಂಸಖಂಡವೇ. ಕೆಲವರಿಗೆ ಮೊದಲಿಗಿಂತ ತುಸು ಹೆಚ್ಚಾಗುವುದೂ ಉಂಟು. ಖರ್ಚು ತಗ್ಗಿದರೂ ಉಣ್ಣುವ ರೂಢಿ ತಗ್ಗದಿರುವುದು ಅದಕ್ಕೊಂದು ಕಾರಣ. ಇನ್ನೊಂದು, ಮಾತ್ರೆಯ ಪ್ರಮಾಣ ಜಾಸ್ತಿಯಾಗಿ ಥೈರಾಯ್ಡ್ ಮಂದವಾಗುವುದು. ಆದ್ದರಿಂದ ತೂಕ ಬೇಗಬೇಗ ಏರಿದರೆ ರಕ್ತ ಪರೀಕ್ಷೆ ಮಾಡಿಸು, ಪ್ರಮಾಣವನ್ನು ಡಾಕ್ಟರು ಇಳಿಸುತ್ತಾರೆ. ನೀನಾಗಿ ನಿಲ್ಲಿಸಬೇಡ. ಈ ಔಷಧಿ ಸಾಮಾನ್ಯವಾಗಿ 12ರಿಂದ 18 ತಿಂಗಳು ನಡೆಯುತ್ತದೆ. ಟಿ3, ಟಿ4 ಕೆಲವು ವಾರಗಳಲ್ಲೇ ಹದಕ್ಕೆ ಬಂದರೂ ಟಿಎಸ್‌ಎಚ್ ಮೇಲೇಳಲು ತಿಂಗಳುಗಳೇ ಬೇಕು, ಅದಕ್ಕೆ ಗಾಬರಿಪಡಬೇಡ.

ಕೂದಲು ಉದುರುತ್ತದೆಂದು ಬಯೋಟಿನ್ ಮಾತ್ರೆ ನುಂಗುತ್ತಿದ್ದೀಯಾ? ರಕ್ತ ಕೊಡುವ ಮುಂಚೆ ಕನಿಷ್ಠ ಎರಡು ದಿನ ನಿಲ್ಲಿಸು, ಅದು ರಿಪೋರ್ಟಿನ ಅಂಕಿಗಳನ್ನೇ ಕೆಡಿಸುತ್ತದೆ. ಮೊಟ್ಟೆ, ಕಾಳು, ಮೊಸರು, ರಾಗಿ ಚೆನ್ನಾಗಿ ತಿನ್ನು. ಜಿಮ್ಮಿಗೆ ಹೋಗುವುದು ಎದೆಬಡಿತ ಹತೋಟಿಗೆ ಬಂದಮೇಲೆ, ಡಾಕ್ಟರನ್ನು ಕೇಳಿಕೊಂಡು. ಜ್ವರದ ಜೊತೆ ಗಂಟಲು ನೋವು ಬಂದರೆ ಮಾತ್ರ ಮಾತ್ರೆ ನಿಲ್ಲಿಸಿ ಅಂದೇ ಆಸ್ಪತ್ರೆಗೆ ಹೋಗಿ ಬಿಳಿ ರಕ್ತಕಣ ಪರೀಕ್ಷೆ ಮಾಡಿಸು. ಅಪರೂಪಕ್ಕೆ ಈ ಔಷಧಿ ಅವನ್ನು ಅಪಾಯದ ಮಟ್ಟಕ್ಕೆ ಇಳಿಸುತ್ತದೆ. ಮದುವೆಯ ನಂತರ ಮಗುವಿನ ಯೋಚನೆ ಬಂದರೆ ಮೊದಲೇ ಡಾಕ್ಟರಿಗೆ ತಿಳಿಸು, ಔಷಧಿ ಬದಲಿಸಬೇಕಾಗಬಹುದು.

ರವಿಕೆಗಳಿಗೆ ಒಳಗೆ ಬಟ್ಟೆ ಬಿಟ್ಟು ಹೊಲಿಯಲು ದರ್ಜಿಗೆ ಹೇಳು, ಆಮೇಲೆ ಬಿಚ್ಚಿಕೊಳ್ಳಬಹುದು. ಮುಂದಿನ ರಿಪೋರ್ಟು ಬಂದ ಕೂಡಲೇ ನನಗೆ ಕಳಿಸು.

ಇಂತಿ ನಿನ್ನ ಪ್ರೀತಿಯ
ದೊಡ್ಡಮ್ಮ