ಮೊಲದ ಕೊಂಬಿನ ವಿಚಾರ

ಮೊಲಕ್ಕೆ ಕೊಂಬಿಲ್ಲವೆಂಬುದು ಮಕ್ಕಳೂ ಬಲ್ಲ ಮಾತು. ಇಲ್ಲದ ಆ ಕೊಂಬನ್ನು ಕುರಿತು ದಾರ್ಶನಿಕರು ಶತಮಾನಗಳ ಕಾಲ ವಾದಿಸಿದರೆಂದರೆ ಕೆಲವರಿಗೆ ನಗೆ ಬರಬಹುದು. ಆದರೆ ಜಗತ್ತು ಸತ್ಯವೋ ಮಿಥ್ಯೆಯೋ ಎಂಬ ಪ್ರಶ್ನೆಯೇ ಈ ಕೊಂಬಿಗೆ ತೊಡರಿಕೊಂಡಿದೆ.

ಚಿಪ್ಪನ್ನು ಕಂಡವನು ಬೆಳ್ಳಿಯೆಂದು ಭ್ರಮಿಸುತ್ತಾನೆ. ಆ ಬೆಳ್ಳಿ ಎಂತಹುದು? ಸತ್ತಾಗಿದ್ದರೆ ಮುಂದೆ ಬಾಧಿತವಾಗುತ್ತಿರಲಿಲ್ಲ; ಮೊಲದ ಕೊಂಬಿನಂತೆ ಅಸತ್ತಾಗಿದ್ದರೆ ತೋರುತ್ತಲೇ ಇರಲಿಲ್ಲ; ಆದುದರಿಂದ ಅದು ಅನಿರ್ವಚನೀಯವೆಂದು ಅದ್ವೈತಿಗಳು ಹೇಳುತ್ತಾರೆ. ಜಗತ್ತಿಗೂ ಇದೇ ನ್ಯಾಯವನ್ನು ಅನ್ವಯಿಸುತ್ತಾರೆ.

ಶ್ರೀಮದಾಚಾರ್ಯರು ವಿಷ್ಣುತತ್ತ್ವವಿನಿರ್ಣಯದಲ್ಲಿ ಎರಡನೆಯ ಮಾತನ್ನೇ ಹಿಡಿದು ಕೇಳುತ್ತಾರೆ: ಅಸತ್ತು ತೋರುವುದಿಲ್ಲವೆನ್ನುವವನಿಗೆ ಅಸತ್ತಿನ ಜ್ಞಾನವುಂಟೋ ಇಲ್ಲವೋ? ಉಂಟೆಂದರೆ ಅವನ ಮಾತು ಅವನಿಂದಲೇ ಮುರಿಯಿತು. ಇಲ್ಲವೆಂದರೆ, ತಾನರಿಯದುದು ತೋರದೆಂದು ನಿಷೇಧಿಸುವುದೆಂತು? ಬೆಳ್ಳಿಯು ಅಸತ್ತಿಗಿಂತ ಬೇರೆಯೆನ್ನಲೂ ಅಸತ್ತಿನ ಅರಿವು ಬೇಕಷ್ಟೆ. ಪ್ರಶ್ನೆ ಚಿಕ್ಕದು, ತಪ್ಪಿಸಿಕೊಳ್ಳುವುದು ಸುಲಭವಲ್ಲ.

ನೈಯಾಯಿಕರ ದಾರಿ ಬೇರೆ. ಅವರ ಮತದಲ್ಲಿ ಭ್ರಮೆಯ ಬೆಳ್ಳಿ ಅಂಗಡಿಯಲ್ಲೆಲ್ಲೋ ಇರುವ ಬೆಳ್ಳಿಯೇ. ನಮ್ಮ ಸಿದ್ಧಾಂತದಲ್ಲಿ ಎದುರಿನ ಚಿಪ್ಪು ಸತ್ಯ, ಅಲ್ಲಿ ತೋರಿದ ಬೆಳ್ಳಿ ಅತ್ಯಂತ ಅಸತ್ತು. ಅಸತ್ತೇ ಸತ್ತಾಗಿ ತೋರಿತು. ಇದಕ್ಕೆ ಅಭಿನವಾನ್ಯಥಾಖ್ಯಾತಿಯೆಂದು ಹೆಸರು. ಹಾಗಾದರೆ ಶೂನ್ಯವಾದಿಗಳಿಗೂ ನಿಮಗೂ ಭೇದವೇನೆಂದು ಕೇಳುವವರುಂಟು. ಭ್ರಮೆಗೆ ಸತ್ಯವಾದ ಅಧಿಷ್ಠಾನ ಬೇಕೆಂಬುದೇ ಭೇದ. ಚಿಪ್ಪೇ ಇಲ್ಲದಿದ್ದರೆ ಬೆಳ್ಳಿಯ ಭ್ರಮೆಯೆಲ್ಲಿಯದು?

ಶ್ರೀವ್ಯಾಸರಾಜರು (೧೪೬೦–೧೫೩೯) ನ್ಯಾಯಾಮೃತದಲ್ಲಿ ಈ ವಾದವನ್ನು ಬೆಳೆಸಿದರು. ಮಧುಸೂದನ ಸರಸ್ವತಿಗಳು ಅದ್ವೈತಸಿದ್ಧಿಯಲ್ಲಿ ಪ್ರತ್ಯುತ್ತರವಿತ್ತು, ಎಲ್ಲಿಯೂ ಸತ್ತಾಗಿ ತೋರಲಾರದುದೇ ಅಸತ್ತೆಂದು ಲಕ್ಷಣವನ್ನು ಬಿಗಿಗೊಳಿಸಿದರು. ಪ್ರತಿವಾದಿಯ ಈ ಜಾಣ್ಮೆಯನ್ನು ಒಪ್ಪಲೇಬೇಕು. ಅದಕ್ಕೆ ಮತ್ತೆ ಉತ್ತರ ಹೇಳಿದವರು ತರಂಗಿಣಿಯನ್ನು ರಚಿಸಿದ ರಾಮಾಚಾರ್ಯರು.