ಸಾಮಾನಿಗೆ ತಕ್ಕ ಗಾಡಿ

ಚಾಮರಾಜಪೇಟೆಯ ಹಳೇ ಮನೆ ಖಾಲಿ ಮಾಡುವವರು ಗಾಡಿ ಗೊತ್ತುಮಾಡುವ ಮೊದಲು ಈ ಮಾತು ಕೇಳಿ. ಸಾಮಾನು ಎಷ್ಟು ಜಾಗ ಹಿಡಿಯುತ್ತದೆ ಅಂತಲೇ ಎಲ್ಲರೂ ನೋಡುತ್ತೇವೆ, ಎಷ್ಟು ತೂಗುತ್ತದೆ ಅಂತ ಕೇಳುವುದಿಲ್ಲ. ಹಾಸಿಗೆ, ಪ್ಲಾಸ್ಟಿಕ್ ಕುರ್ಚಿ ಗಾಡಿ ತುಂಬಿದರೂ ಭಾರವಲ್ಲ. ಪುಸ್ತಕ ಹಾಗಲ್ಲ. ಸಾಹಿತ್ಯ ಪರಿಷತ್ತಿನ ಆಸುಪಾಸಿನ ಮನೆಗಳಲ್ಲಿ ಪುಸ್ತಕಕ್ಕೇನು ಬರವೇ? ರಟ್ಟಿನ ಡಬ್ಬವೊಂದಕ್ಕೆ 20 ಕೆಜಿ ಅಂದುಕೊಂಡರೂ 30 ಡಬ್ಬಕ್ಕೆ 600 ಕೆಜಿ ಆಯಿತು. ಅದರ ಮೇಲೆ ಕಬ್ಬಿಣದ ಬೀರು, ತೇಗದ ಮಂಚ, ಅಜ್ಜಿಯ ಕಾಲದ ರುಬ್ಬುವ ಕಲ್ಲು.

2005ರಲ್ಲಿ ಬಂದ ಟಾಟಾ ಏಸ್ ನಮ್ಮ ಕಿರಿದಾದ ಕ್ರಾಸ್‌ಗಳಿಗೆ ಹೇಳಿಮಾಡಿಸಿದ ಗಾಡಿ. ಆದರೆ ಅದರ ಸಾಮಾನ್ಯ ಮಾದರಿಗಳು ಹೊರುವುದು ಸುಮಾರು ಮುಕ್ಕಾಲು ಟನ್. ಭಾರ ಹೆಚ್ಚಿದ್ದರೆ ಬೊಲೆರೊ ಪಿಕಪ್ ಹೇಳಿ, ಇಲ್ಲವೇ ಎರಡು ಟ್ರಿಪ್ ಮಾಡಿಸಿ.

ಡ್ರೈವರ್ ಹತ್ತಿರ ಆರ್‌ಸಿ ಕೇಳಿ ನೋಡುವುದರಲ್ಲಿ ಸಂಕೋಚವೇನೂ ಬೇಡ. ಭಾರ ಸೇರಿದ ಗರಿಷ್ಠ ತೂಕದಲ್ಲಿ ಖಾಲಿ ಗಾಡಿಯ ತೂಕ ಕಳೆಯಿರಿ. ಉಳಿದದ್ದರೊಳಗೆ ಸಾಮಾನಷ್ಟೇ ಅಲ್ಲ, ಡ್ರೈವರ್ ಮತ್ತು ಪಕ್ಕ ಕೂತವರೂ ಸೇರಬೇಕು. ಟ್ರೈಲರ್ ಕಟ್ಟಿ ಎಳೆಸುವುದಾದರೆ ಎಳೆಯುವ ಗಾಡಿಯ ಶಕ್ತಿಯನ್ನೂ ಹೀಗೇ ಮೊದಲು ವಿಚಾರಿಸಿ.

ತುಂಬುವಾಗ ಕಲ್ಲು, ಬೀರು, ಪುಸ್ತಕ ಕ್ಯಾಬಿನ್ ಕಡೆಗೆ, ತಳದಲ್ಲೇ ಇರಲಿ. ಹಿಂದಿನ ಚಕ್ರದಿಂದ ಆಚೆಗೆ ಭಾರ ಬಿದ್ದರೆ ಮುಂದಿನ ಚಕ್ರ ಹಗುರಾಗುತ್ತದೆ. ಬುಲ್ ಟೆಂಪಲ್ ರಸ್ತೆಯ ಏರಿನಲ್ಲಿ ಸ್ಟೀರಿಂಗ್ ಹಿಡಿತ ತಪ್ಪುವುದು ಆಗಲೇ. ಸಾಮಾನಿನ ಮೇಲೆ ಕೂಲಿಯವರನ್ನು ಮಾತ್ರ ಕೂರಿಸಬೇಡಿ, ಆಟೋ ಮಾಡಿ ಕಳಿಸಿ.